ಎರಡು ಸಲ ಗೆದ್ದು ಮರೆಯಾದ ಬೆಂಗಳೂರಿನ ಹಾಕಿ ತಂಡ: ಶಾಲೆಯ ಗೋಡೆಯ ಮೇಲೆ ಏನೆಂದು ಬರೆಸಬೇಕು?

ಟಿಳಕವಾಡಿ ಮಾಸ್ತರ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕನಾಗಿದ್ದೇನೆ. ನಮ್ಮ ಕ್ರೀಡಾ ಕೊಠಡಿಯ ಒಂದು ಗೋಡೆಯ ತುಂಬ ಕರ್ನಾಟಕದ ಹಾಕಿ ಇತಿಹಾಸವನ್ನು ಬಣ್ಣದಲ್ಲಿ ಬರೆಸುವ ಕೆಲಸ ನಡೆದಿದೆ. ಒಲಿಂಪಿಕ್ಸ್‌ನಲ್ಲಿ ಆಡಿದವರ ಭಾಗ ಮುಗಿದಿದೆ. ಪ್ರೀಮಿಯರ್ ಹಾಕಿ ಲೀಗ್‌ನಲ್ಲಿ ಆಡಿದ ಬೆಂಗಳೂರಿನ ವೃತ್ತಿಪರ ತಂಡದ ಭಾಗಕ್ಕೆ ಬಂದಾಗ ಕೆಲಸ ನಿಂತಿದೆ.

ನನ್ನ ಟಿಪ್ಪಣಿಯಲ್ಲಿರುವ ಸಂಗತಿಗಳು ಇವು. ಲೀಗ್ 2005ರಲ್ಲಿ ಆರಂಭವಾಗಿ 2008ರವರೆಗೆ ನಾಲ್ಕು ಆವೃತ್ತಿಗಳನ್ನು ಕಂಡಿತು. ಮೊದಲ ಪ್ರಶಸ್ತಿ ಹೈದರಾಬಾದ್ ಸುಲ್ತಾನ್ಸ್ ತಂಡಕ್ಕೆ, 2006ರದು ಬೆಂಗಳೂರು ಲಯನ್ಸ್‌ಗೆ, 2007ರದು ಒರಿಸ್ಸಾ ಸ್ಟೀಲರ್ಸ್‌ಗೆ, 2008ರದು ಬೆಂಗಳೂರು ಹೈ-ಫ್ಲೈಯರ್ಸ್‌ಗೆ ಸಂದಿತು. ಲಯನ್ಸ್ ತಂಡವೇ ಮುಂದೆ ಹೈ-ಫ್ಲೈಯರ್ಸ್ ಆಯಿತು. ಹಾಗಾಗಿ ನಾಲ್ಕರಲ್ಲಿ ಎರಡು ಪ್ರಶಸ್ತಿ ಗೆದ್ದ ಏಕೈಕ ತಂಡ ನಮ್ಮ ರಾಜ್ಯದ್ದು. ಆಮೇಲೆ 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಎಂಬ ಬೇರೊಂದು ಲೀಗ್ ಬಂದಾಗ ಕರ್ನಾಟಕ ಲಯನ್ಸ್ ಎಂಬ ತಂಡ ಕಣಕ್ಕಿಳಿಯಿತು. ಬೆಂಗಳೂರಿನ ತಂಡದ ನಾಯಕರಾಗಿದ್ದ ಅರ್ಜುನ್ ಹಾಲಪ್ಪ ಅವರೇ ಅದಕ್ಕೂ ನಾಯಕರು, ಕೋಚ್ ಆಗಿದ್ದ ಜೂಡ್ ಫೆಲಿಕ್ಸ್ ಅವರೇ ಕೋಚ್.

ನನ್ನ ಪ್ರಶ್ನೆಗಳು ಎರಡು. ಈ ಮೂರು ಹೆಸರುಗಳನ್ನು ಒಂದೇ ತಂಡವೆಂದು ಬರೆಸಬೇಕೋ, ಬೇರೆ ಬೇರೆಯಾಗಿ ಬರೆಸಬೇಕೋ? ಇಷ್ಟು ಚೆನ್ನಾಗಿ ಆಡಿದ ತಂಡ ಏಕೆ ಉಳಿಯಲಿಲ್ಲ ಎಂದು ಎಂಟನೆಯ ತರಗತಿಯ ಮಕ್ಕಳು ಕೇಳಿದರೆ ಅವರಿಗೆ ಅರ್ಥವಾಗುವಂತೆ ಒಂದೆರಡು ವಾಕ್ಯಗಳಲ್ಲಿ ಏನು ಹೇಳಬೇಕು? ಗೋಡೆಯ ಮೇಲೆ ಬರೆದದ್ದು ಹತ್ತಾರು ವರ್ಷ ನಿಲ್ಲುತ್ತದೆ. ಆದ್ದರಿಂದ ದಯವಿಟ್ಟು ಯೋಚಿಸಿ ಉತ್ತರಿಸಿ.

ಲೆಫ್ಟ್ ವಿಂಗ್

ನಾಯಕರು ಅವರೇ, ಕೋಚ್ ಅವರೇ ಅಂದಮೇಲೆ ಮೂರೂ ಒಂದೇ ತಂಡ, ಸರ್. ಇದರಲ್ಲಿ ಗೊಂದಲವೇನಿದೆ?

ಗುಮ್ಮಟದ ನೆರಳು

ಗೊಂದಲ ಖಂಡಿತ ಇದೆ. ಪ್ರೀಮಿಯರ್ ಹಾಕಿ ಲೀಗನ್ನು ನಡೆಸಿದ್ದು ಭಾರತೀಯ ಹಾಕಿ ಫೆಡರೇಷನ್, ಇಎಸ್‌ಪಿಎನ್ ಮತ್ತು ಸ್ಟಾರ್ ಸ್ಪೋರ್ಟ್ಸ್ ವಾಹಿನಿಗಳ ಜೊತೆ ಸೇರಿ. ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಅದೇ ಫೆಡರೇಷನ್ ಇದ್ದರೂ ಜೊತೆಗಿದ್ದದ್ದು ನಿಂಬಸ್ ಎಂಬ ಕ್ರೀಡಾ ಪ್ರಸಾರ ಸಂಸ್ಥೆ, ತಂಡಗಳ ಸ್ವರೂಪ ಬೇರೆ, ಪಂದ್ಯ ನಡೆದ ರೀತಿಯೂ ಬೇರೆ. ಅಷ್ಟು ಹೊತ್ತಿಗೆ ಫೆಡರೇಷನ್ನಿನ ಸ್ಥಾನಮಾನವೇ ಬದಲಾಗಿ ಹೋಗಿತ್ತು. ನಡುವೆ ನಾಲ್ಕು ವರ್ಷ ಯಾವ ತಂಡವೂ ಇರಲಿಲ್ಲ. ಒಬ್ಬ ನಾಯಕರು ಎರಡು ಕಡೆ ಆಡಿದ ಮಾತ್ರಕ್ಕೆ ಎರಡು ತಂಡಗಳು ಒಂದಾಗುವುದಾದರೆ, ಆಟಗಾರರು ಹೋದಲ್ಲೆಲ್ಲ ತಂಡವೂ ಹೋಯಿತೆಂದು ಹೇಳಬೇಕಾಗುತ್ತದೆ.

ಮಾಸ್ತರರೇ, 2006 ಮತ್ತು 2008ರದನ್ನು ಒಟ್ಟಿಗೆ ಬರೆಸಿ, 2012ರದನ್ನು ಪ್ರತ್ಯೇಕವಾಗಿ ಬರೆಸಿ. ಶಾಲೆಯ ಗೋಡೆಯ ಮೇಲೆ ಸಡಿಲ ಮಾತು ಬೇಡ.

ಬನಹಟ್ಟಿಯವ

ನಮ್ಮ ಕಡೆ ಹಾಕಿ ಆಡುವವರು ಕಡಿಮೆ. ಕಬಡ್ಡಿ, ಮಲ್ಲಕಂಬ, ಸೈಕಲ್ ಪಂದ್ಯ ಎಂದರೆ ಊರೇ ಸೇರುತ್ತದೆ. ಹಾಕಿ ಸ್ಟಿಕ್ ಕೈಯಲ್ಲಿ ಹಿಡಿದವರನ್ನು ಹುಡುಕಬೇಕು. ಹಾಗಿದ್ದರೂ ಆ ಲೀಗನ್ನು ನಮ್ಮ ಓಣಿಯ ಹುಡುಗರೆಲ್ಲ ನೋಡಿದ್ದೆವು. ಅದಕ್ಕೆ ಕಾರಣ ಆಟವನ್ನು ತೋರಿಸಿದ ರೀತಿ. ಆಗ ಅಂತರರಾಷ್ಟ್ರೀಯ ಹಾಕಿ 35 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತಿತ್ತು. ಈ ಲೀಗ್ ಅದೇ 70 ನಿಮಿಷಗಳನ್ನು ಹದಿನೇಳೂವರೆ ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಾಗಿ ಮಾಡಿತು, ಟೈಮ್‌ಔಟ್ ತಂದಿತು. ಟೈಮ್‌ಔಟ್ ಕೂಡಲೇ ಕ್ಯಾಮೆರಾ ಆಟಗಾರರ ಗುಂಪಿನೊಳಕ್ಕೆ ನುಗ್ಗುತ್ತಿತ್ತು. ಹಾಲಪ್ಪ ನೀರಿನ ಬಾಟಲಿ ಹಿಡಿದು ಬಗ್ಗಿ ನಿಂತಿದ್ದರೆ ಕೋಚ್ ಕೈಬೆರಳಿನಿಂದ ಬಲಗಡೆಯ ದಾರಿ ತೋರಿಸುತ್ತಿದ್ದುದು ನಮಗೂ ಕಾಣುತ್ತಿತ್ತು. ಮುಂದಿನ ಎರಡು ನಿಮಿಷಗಳಲ್ಲಿ ಚೆಂಡು ನಿಜವಾಗಿಯೂ ಅದೇ ಬಲಗಡೆಯಿಂದ ಬಂದಾಗ, ಆಟದ ಗಂಧಗಾಳಿ ಇಲ್ಲದ ನಮಗೂ ಏನು ನಡೆಯಿತೆಂದು ಅರ್ಥವಾಗುತ್ತಿತ್ತು.

ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ನಾಲ್ಕು ಕ್ವಾರ್ಟರ್‌ಗಳ ಪದ್ಧತಿಗೆ ಬಂದದ್ದು 2014ರಲ್ಲಿ, ಅದೂ 15 ನಿಮಿಷಕ್ಕೊಂದರಂತೆ. ಭಾರತದ ಲೀಗ್ ಒಂಬತ್ತು ವರ್ಷ ಮೊದಲೇ ಅದನ್ನು ಮಾಡಿ ತೋರಿಸಿತ್ತು. ಇದನ್ನು ಗೋಡೆಯ ಮೇಲೆ ಅಗತ್ಯವಾಗಿ ಬರೆಸಿರಿ.

ಶಹಾಪುರದ ಆಟಗಾರ್ತಿ

ಬನಹಟ್ಟಿಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಆ ಕ್ವಾರ್ಟರ್‌ಗಳಿಂದಲೇ ನನ್ನ ತಂದೆ ಮೊದಲ ಬಾರಿಗೆ ಪೂರ್ತಿ ಹಾಕಿ ಪಂದ್ಯ ನೋಡಿದರು.

ಮಲಪ್ರಭಾ ದಂಡೆ

ತಂಡ ಏಕೆ ಉಳಿಯಲಿಲ್ಲ ಎಂಬುದಕ್ಕೆ ಉತ್ತರ ಒಂದೇ ಪದದಲ್ಲಿದೆ: ಐಪಿಎಲ್. ಕ್ರಿಕೆಟ್ಟಿಗೆ ಹಣ ಹರಿದು ಹೋದಮೇಲೆ ಹಾಕಿಯನ್ನು ಕೇಳುವವರು ಯಾರು? ಮಕ್ಕಳಿಗೂ ಇದೇ ಸುಲಭವಾಗಿ ತಿಳಿಯುತ್ತದೆ.

ಹುಬ್ಬಳ್ಳಿ ಗಾಡಿ

ಮಲಪ್ರಭಾ ಅವರೇ, ಎಲ್ಲರೂ ಇದನ್ನೇ ಹೇಳುತ್ತಾರೆ, ಆದರೆ ದಿನಾಂಕಗಳು ಬೇರೆಯೇ ಕಥೆ ಹೇಳುತ್ತವೆ. 2008ರ ಮಾರ್ಚ್ 9ರಂದು ಚಿಲಿಯ ಸ್ಯಾಂಟಿಯಾಗೋದಲ್ಲಿ ಭಾರತ ಗ್ರೇಟ್ ಬ್ರಿಟನ್ ಎದುರು 0-2ರಿಂದ ಸೋತು ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಕಳೆದುಕೊಂಡಿತು. 1928ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಹಾಕಿಗೆ ಭಾರತದ ತಂಡ ಇರುತ್ತಿತ್ತು. ಆ ಸಾಲು ಅಂದು ಮುರಿಯಿತು. ಅದರ ಬೆನ್ನಿಗೇ ಫೆಡರೇಷನ್ನಿನ ಕಾರ್ಯದರ್ಶಿಯವರ ಮೇಲೆ ವಾಹಿನಿಯೊಂದು ನಡೆಸಿದ ರಹಸ್ಯ ಕಾರ್ಯಾಚರಣೆ ಪ್ರಸಾರವಾಯಿತು. ಏಪ್ರಿಲ್ 28ರಂದು ಭಾರತೀಯ ಒಲಿಂಪಿಕ್ ಸಂಸ್ಥೆ ಫೆಡರೇಷನ್ನನ್ನೇ ಅಮಾನತಿನಲ್ಲಿಟ್ಟಿತು. ಲೀಗ್ ನಡೆಸುತ್ತಿದ್ದ ಸಂಸ್ಥೆಯೇ ಕುಸಿದುಬಿದ್ದ ಮೇಲೆ ಲೀಗ್ ಯಾವ ನೆಲದ ಮೇಲೆ ನಿಲ್ಲಬೇಕು?

ಐಪಿಎಲ್‌ನ ಮೊದಲ ಪಂದ್ಯ ನಡೆದದ್ದು 2008ರ ಏಪ್ರಿಲ್ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅಂದರೆ ಅಮಾನತಿಗೆ ಹತ್ತು ದಿನ ಮೊದಲು. ಹೈ-ಫ್ಲೈಯರ್ಸ್ ತಂಡ ಅಷ್ಟರಲ್ಲಾಗಲೇ ತನ್ನ ಕೊನೆಯ ಪ್ರಶಸ್ತಿಯನ್ನು ಗೆದ್ದು ಮುಗಿಸಿತ್ತು. ಹಾಕಿ ಲೀಗ್ ಸತ್ತದ್ದು ಒಳಗಿನ ರೋಗದಿಂದ. ಆಮೇಲೆ ಅದು ಮತ್ತೆ ಏಳದಂತೆ ಐಪಿಎಲ್ ಮಾಡಿರಬಹುದು. ಆ ಮಾತನ್ನು ಬೇಕಾದರೆ ಒಪ್ಪುತ್ತೇನೆ.

ಮಲಪ್ರಭಾ ದಂಡೆ

ಏಳದಂತೆ ಮಾಡಿದ್ದೂ ಸಣ್ಣ ಸಂಗತಿಯಲ್ಲ, ಹುಬ್ಬಳ್ಳಿಯವರೇ. ಫೆಡರೇಷನ್ ಹೋದರೆ 2009ರಲ್ಲಿ ಹಾಕಿ ಇಂಡಿಯಾ ಎಂಬ ಹೊಸ ಸಂಸ್ಥೆ ಬಂದಿತಲ್ಲ? ಅವರು ಕೂಡಲೇ ಲೀಗ್ ಆರಂಭಿಸಲಿಲ್ಲ, 2013ರವರೆಗೆ ಕಾದರು. ಹಣ ಹಾಕುವವರು ಸಿಗದೆ ಹೋದದ್ದೂ ಒಂದು ಕಾರಣವೆಂಬ ನನ್ನ ಮಾತಿಗೆ ನಾನು ಬದ್ಧ.

ಕ್ಯಾಂಪ್ ಹಳಬ

ಮಾಸ್ತರರೇ, ನಾನು ಸೈನ್ಯದಿಂದ ನಿವೃತ್ತನಾಗಿ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನೆಲೆಸಿದವನು. ತಂಡ ಏಕೆ ಉಳಿಯಲಿಲ್ಲ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಅದು ಬೆಂಗಳೂರಿನ ಹೆಸರು ಹೊತ್ತ ತಂಡವಾಗಿತ್ತೇ ಹೊರತು ಬೆಂಗಳೂರಿನ ತಂಡವಾಗಿರಲಿಲ್ಲ. 2005ರ ಮೊದಲ ಆವೃತ್ತಿ ಪೂರ್ತಿಯಾಗಿ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ನಡೆಯಿತು. ಮುಂದೆಯೂ ಆಯ್ದ ಒಂದೆರಡು ಊರುಗಳಲ್ಲಿ ಎಲ್ಲ ತಂಡಗಳನ್ನು ಕೂಡಿಹಾಕಿ ಪಂದ್ಯ ಆಡಿಸಿದರೇ ವಿನಾ, ತವರು ಮೈದಾನ, ಎದುರಾಳಿಯ ಮೈದಾನ ಎಂಬ ಪದ್ಧತಿಯನ್ನು ತರಲಿಲ್ಲ. ಶಾಂತಿನಗರದ ಅಕ್ಕಿತಿಮ್ಮನಹಳ್ಳಿಯಲ್ಲಿ ಒಳ್ಳೆಯ ಹಾಕಿ ಕ್ರೀಡಾಂಗಣ ಇದ್ದರೂ, ಬೆಂಗಳೂರಿನ ಹುಡುಗನೊಬ್ಬ ಬಸ್ ಹತ್ತಿ ಹೋಗಿ ತನ್ನ ಊರಿನ ತಂಡವನ್ನು ವಾರ ವಾರ ನೋಡುವ ಭಾಗ್ಯ ಇರಲಿಲ್ಲ. ಊರಿನವರು ಕಣ್ಣಾರೆ ಕಾಣದ ತಂಡ ಹೋದಾಗ ಊರಿನಲ್ಲಿ ಕೇಳುವವರೂ ಇರುವುದಿಲ್ಲ.

ನಮ್ಮ ಮರಾಠಾ ಲಘು ಪದಾತಿ ದಳವನ್ನೇ ನೋಡಿರಿ. ಅದರ ರೆಜಿಮೆಂಟಲ್ ಸೆಂಟರ್ ಇರುವುದು ಬೆಳಗಾವಿಯಲ್ಲಿ. ಶಂಕರ್ ಲಕ್ಷ್ಮಣ್ ಅವರು ಆ ರೆಜಿಮೆಂಟಿನವರು. 1956ರಲ್ಲಿ ಚಿನ್ನ, 1960ರಲ್ಲಿ ಬೆಳ್ಳಿ, 1964ರಲ್ಲಿ ಚಿನ್ನ ಗೆದ್ದಾಗ ಗೋಲ್ ಕಾದವರು ಅವರೇ. 1966ರ ಏಷ್ಯನ್ ಕ್ರೀಡಾಕೂಟದಲ್ಲಿ ತಂಡದ ನಾಯಕರಾಗಿಯೂ ಚಿನ್ನ ತಂದರು. ರೆಜಿಮೆಂಟಿನಲ್ಲಿ ಆಟಗಾರ ನಿವೃತ್ತನಾದರೂ ತಂಡ ಇರುತ್ತದೆ, ಏಕೆಂದರೆ ತಂಡದ ಹಿಂದೆ ಪಲ್ಟನ್ ಇದೆ, ಮೈದಾನ ಇದೆ, ಮುಂದಿನ ವರ್ಷ ಸ್ಟಿಕ್ ಹಿಡಿಯುವ ಹುಡುಗ ಇದ್ದಾನೆ. ಲೀಗ್ ತಂಡದ ಹಿಂದೆ ಇವುಗಳಲ್ಲಿ ಯಾವುದೂ ಇರಲಿಲ್ಲ.

ಇದನ್ನೂ ಹೇಳಬೇಕು. ಬೆಂಗಳೂರು ಲಯನ್ಸ್ ಪ್ರಶಸ್ತಿ ಗೆದ್ದ 2006ರಲ್ಲಿಯೇ ಶಂಕರ್ ಲಕ್ಷ್ಮಣ್ ಮಧ್ಯಪ್ರದೇಶದ ಮಹೂನಲ್ಲಿ, ಕಾಲಿನ ಗ್ಯಾಂಗ್ರೀನ್ ಮತ್ತು ಹಣದ ಅಡಚಣೆಯ ನಡುವೆ ತೀರಿಕೊಂಡರು. ಹಾಕಿಗೆ ಹೊಸದಾಗಿ ಹಣ ಬಂದಿದೆ ಎಂದು ಎಲ್ಲರೂ ಸಂಭ್ರಮಿಸುತ್ತಿದ್ದ ಕಾಲ ಅದು. ನನಗೆ ಆ ಸಂಭ್ರಮ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಟಿಳಕವಾಡಿ ಮಾಸ್ತರ

ಕಾಕಾ, ತಮ್ಮ ಮಾತು ನೇರವಾಗಿ ಮನಸ್ಸಿಗೆ ತಟ್ಟಿತು. ಶಂಕರ್ ಲಕ್ಷ್ಮಣ್ ಅವರ ಹೆಸರನ್ನು ಒಲಿಂಪಿಕ್ ಭಾಗದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರ ಹೆಸರಿನ ಪಕ್ಕದಲ್ಲಿಯೇ ಬರೆಸಿದ್ದೇವೆ. ಇಬ್ಬರೂ 1964ರ ಟೋಕಿಯೊ ಚಿನ್ನದ ತಂಡದಲ್ಲಿದ್ದರು.

ಲೆಫ್ಟ್ ವಿಂಗ್

ಕ್ಯಾಂಪ್ ಕಾಕಾ ಅವರ ವಾದದಂತೆ ನೋಡಿದರೆ 2012ರ ಕರ್ನಾಟಕ ಲಯನ್ಸ್ ತಂಡವೇ ಹೆಚ್ಚು ನಿಜವಾದ ತಂಡ ಎಂದಾಗುತ್ತದೆ. ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಎಂಟು ತಂಡಗಳಿದ್ದವು, ಪ್ರತಿ ತಂಡವೂ ಉಳಿದ ಏಳು ತಂಡಗಳ ಎದುರು ತಲಾ ಎರಡು ಸಲ ಆಡಿತು, ತವರಿನ ಪಂದ್ಯಗಳು ಬೆಂಗಳೂರಿನಲ್ಲಿಯೇ ನಡೆದವು. ಹಾಗಿದ್ದರೆ ಅದೇಕೆ ಒಂದೇ ವರ್ಷಕ್ಕೆ ಮುಗಿಯಿತು? ತವರು ಮೈದಾನ ಸಿಕ್ಕರೂ ತಂಡ ಉಳಿಯಲಿಲ್ಲವಲ್ಲ?

ಗುಮ್ಮಟದ ನೆರಳು

ಒಳ್ಳೆಯ ಪ್ರಶ್ನೆ ಕೇಳಿದಿರಿ. 2012ರ ಕಥೆಯನ್ನು ವಿವರವಾಗಿಯೇ ಹೇಳಬೇಕಾಗುತ್ತದೆ.

ಆಗ ದೇಶದಲ್ಲಿ ಹಾಕಿಗೆ ಎರಡು ಮನೆಗಳಿದ್ದವು. ಅಂತರರಾಷ್ಟ್ರೀಯ ಫೆಡರೇಷನ್ ಮಾನ್ಯ ಮಾಡಿದ್ದು ಹಾಕಿ ಇಂಡಿಯಾವನ್ನು. ಹಳೆಯ ಭಾರತೀಯ ಹಾಕಿ ಫೆಡರೇಷನ್ ನ್ಯಾಯಾಲಯದ ಮೆಟ್ಟಿಲು ಹತ್ತಿ ತಾನೂ ಬದುಕಿದ್ದೇನೆಂದು ಸಾಧಿಸಿ, ನಿಂಬಸ್ ಜೊತೆ ವರ್ಲ್ಡ್ ಸೀರೀಸ್ ಹಾಕಿಯನ್ನು ಘೋಷಿಸಿತು. ಮಾನ್ಯತೆ ಇಲ್ಲದ ಪಂದ್ಯಾವಳಿ ಎಂದು ಅಂತರರಾಷ್ಟ್ರೀಯ ಫೆಡರೇಷನ್ ಹೇಳಿತು. ಫೆಬ್ರವರಿ 26ರಂದು ದೆಹಲಿಯಲ್ಲಿ ಭಾರತ ಫ್ರಾನ್ಸನ್ನು 8-1ರಿಂದ ಸೋಲಿಸಿ ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ಮೂರು ದಿನ ಕಳೆದು, ಫೆಬ್ರವರಿ 29ರಂದು ಈ ಲೀಗ್ ಆರಂಭವಾಯಿತು. ಅಲ್ಲಿ ನಮ್ಮ ಆಟಗಾರರು ಇಬ್ಭಾಗವಾದರು. ಭರತ್ ಚೆಟ್ರಿ, ರಘುನಾಥ್, ಸುನಿಲ್ ರಾಷ್ಟ್ರೀಯ ತಂಡದ ಜೊತೆ ಉಳಿದು ಲಂಡನ್ನಿಗೆ ಹೋದರು. ಅರ್ಜುನ್ ಹಾಲಪ್ಪ, ಲೆನ್ ಅಯ್ಯಪ್ಪ ಕರ್ನಾಟಕ ಲಯನ್ಸ್ ಪರವಾಗಿ ಆಡಿದರು. ಸೋಮವಾರಪೇಟೆಯವರೇ ಆದ ಹಾಲಪ್ಪ ಮತ್ತು ಸುನಿಲ್ ಬೇರೆ ಬೇರೆ ಬಾಗಿಲುಗಳ ಮುಂದೆ ನಿಲ್ಲಬೇಕಾಗಿ ಬಂದದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಏಪ್ರಿಲ್ 2ರಂದು ಮುಂಬೈಯಲ್ಲಿ ಪುಣೆ ಸ್ಟ್ರೈಕರ್ಸ್ ತಂಡವನ್ನು ಸೋಲಿಸಿ ಶೇರ್-ಎ-ಪಂಜಾಬ್ ಪ್ರಶಸ್ತಿ ಗೆದ್ದಿತು. ಎರಡನೆಯ ಆವೃತ್ತಿಯನ್ನು ಮುಂದೂಡಿದರು, ಅದು ನಡೆಯಲೇ ಇಲ್ಲ. ಆಟಗಾರರ ಸಂಭಾವನೆ ಬಾಕಿ ಉಳಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಆದ್ದರಿಂದ ತವರು ಮೈದಾನ ಸಿಕ್ಕರೂ ಉಳಿಯಲಿಲ್ಲ ಎಂಬುದು ನಿಜ, ಆದರೆ ಆ ಮೈದಾನ ಸಿಕ್ಕಿದ್ದು ಒಂದೇ ಒಂದು ಋತುವಿಗೆ. ಒಂದು ತಿಂಗಳಿನಲ್ಲಿ ಯಾವ ಊರೂ ಒಂದು ತಂಡವನ್ನು ತನ್ನದಾಗಿಸಿಕೊಳ್ಳಲಾರದು. ಕ್ಯಾಂಪ್ ಹಳಬರ ಮಾತು ಇದರಿಂದ ಬಿದ್ದುಹೋಗುವುದಿಲ್ಲ.

ಲೆಫ್ಟ್ ವಿಂಗ್

ಹಾಲಪ್ಪ ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದವರು. 2012ರಲ್ಲಿ ಅವರನ್ನು ದೂರವಿಟ್ಟು ಲಂಡನ್ನಿಗೆ ಹೋದ ತಂಡ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಇದಕ್ಕೆ ಯಾರು ಉತ್ತರ ಹೇಳಬೇಕು?

ಹುಬ್ಬಳ್ಳಿ ಗಾಡಿ

ಒಬ್ಬರು ಇದ್ದಿದ್ದರೆ ಹನ್ನೆರಡನೆಯ ಸ್ಥಾನ ತಪ್ಪುತ್ತಿತ್ತೆಂದು ಹೇಳುವುದು ಕಷ್ಟ, ತಮ್ಮಾ. ಆ ಕೋಪವನ್ನು ಎರಡು ಸಂಸ್ಥೆಗಳ ಜಗಳದ ಮೇಲೆ ಇಡು. ಲಂಡನ್ನಿಗೆ ಹೋದ ಹುಡುಗರ ಮೇಲೆ ಬೇಡ.

ಬಾದಾಮಿ ಬಂಡೆ

ಬೆಳಗಾವಿಯವರಿಗೆ ಒಂದು ಕುತೂಹಲದ ಪ್ರಶ್ನೆ. ನಿಮ್ಮಲ್ಲಿ ಆಗ ಎಲ್ಲರೂ ಬೆಂಗಳೂರು ತಂಡಕ್ಕೇ ಬೆಂಬಲ ಕೊಡುತ್ತಿದ್ದರೇ? ಧನರಾಜ್ ಪಿಳ್ಳೈ ಅದೇ ಲೀಗಿನ ಮರಾಠಾ ವಾರಿಯರ್ಸ್ ತಂಡದಲ್ಲಿದ್ದರಲ್ಲ?

ಟಿಳಕವಾಡಿ ಮಾಸ್ತರ

ಎಲ್ಲರೂ ಅಲ್ಲ. ಲೇಲೆ ಮೈದಾನದಲ್ಲಿ ನಮ್ಮ ಜೊತೆ ಆಡುತ್ತಿದ್ದವರಲ್ಲಿ ಅರ್ಧದಷ್ಟು ಹುಡುಗರು ಪಿಳ್ಳೈಗಾಗಿ ವಾರಿಯರ್ಸ್ ಕಡೆ, ಇನ್ನರ್ಧ ಲಯನ್ಸ್ ಕಡೆ. ಪಂದ್ಯವಿದ್ದ ಸಂಜೆ ಎಲ್ಲರೂ ಒಂದೇ ಮನೆಯಲ್ಲಿ ಒಂದೇ ಟಿವಿಯ ಮುಂದೆ ಕೂರುತ್ತಿದ್ದೆವು. ಮರುದಿನ ಬೆಳಿಗ್ಗೆ ಮೈದಾನದಲ್ಲಿ ಅದೇ ಎರಡು ಪಕ್ಷಗಳಾಗಿ ಆಡುತ್ತಿದ್ದೆವು. ಆಟದ ಆಚೆಗಿನ ಜಗಳ ನಮ್ಮ ನಡುವೆ ಬರಲಿಲ್ಲವೆಂದು ಸಂತೋಷದಿಂದ ಹೇಳುತ್ತೇನೆ.

ಆದರೆ ಟಿವಿಯಲ್ಲಿ ನೋಡಿದ್ದನ್ನು ನಮ್ಮ ಮೈದಾನದಲ್ಲಿ ಮಾಡಲು ಆಗುತ್ತಿರಲಿಲ್ಲ. ಲೆನ್ ಅಯ್ಯಪ್ಪ ಅವರ ಡ್ರ್ಯಾಗ್ ಫ್ಲಿಕ್ ಕಲಿಯಬೇಕೆಂಬ ಆಸೆ ಎಲ್ಲರಿಗೂ ಇತ್ತು. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನ ಪಕ್ಕದ ಕೊನೆಗೆರೆಯಿಂದ ಒಬ್ಬ ಚೆಂಡನ್ನು ತಳ್ಳುತ್ತಾನೆ, ಗೋಲಿನ ಮುಂದಿನ ಡಿ ವೃತ್ತದ ಹೊರಗೆ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ, ಫ್ಲಿಕ್ ಮಾಡುವವನು ಓಡಿಬಂದು ಎಡಗಾಲನ್ನು ಚೆಂಡಿನ ಮುಂದಕ್ಕೆ ಚಾಚಿ, ಸ್ಟಿಕ್ಕಿನ ಬಾಗಿಗೆ ಚೆಂಡನ್ನು ಅಂಟಿಸಿಕೊಂಡು, ದೇಹದ ಹಿಂದಿನಿಂದ ಮುಂದಿನವರೆಗೆ ಎಳೆದು ಬಿಡುತ್ತಾನೆ. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತವನ್ನು ಬೀಸಿ ಹೊಡೆದರೆ ಚೆಂಡು ಗೋಲಿನ ಹಲಗೆಯ ಎತ್ತರವನ್ನು, ಅಂದರೆ 460 ಮಿಲಿಮೀಟರನ್ನು, ದಾಟುವಂತಿಲ್ಲ; ಫ್ಲಿಕ್ಕಿಗೆ ಆ ಮಿತಿ ಇಲ್ಲ. ಹಾಗಾಗಿ ಗೋಲ್‌ಕೀಪರ್‌ನ ಭುಜದ ಮೇಲಿನ ಮೂಲೆ ಫ್ಲಿಕ್ ಬಲ್ಲವನಿಗೆ ಮಾತ್ರ ತೆರೆದಿರುತ್ತದೆ. ನೀರು ಹಾಯಿಸಿದ ಟರ್ಫಿನ, ಅಂದರೆ ಕೃತಕ ಹುಲ್ಲಿನ, ಮೇಲೆ ಚೆಂಡು ಗೆರೆ ಎಳೆದಂತೆ ಬಂದು ನಿಲ್ಲುತ್ತದೆ. ನಮ್ಮ ಮಣ್ಣಿನಲ್ಲಿ ಒಂದು ಹರಳು ಸಾಕು, ಚೆಂಡು ಪುಟಿದು ನಿಲ್ಲಿಸುವವನ ಸ್ಟಿಕ್ಕನ್ನು ಹಾರಿಹೋಗುತ್ತಿತ್ತು. ಎಳೆಯಲು ಹೋದರೆ ಸ್ಟಿಕ್ಕಿನ ತುದಿ ನೆಲ ಕೆರೆಯುತ್ತಿತ್ತು. ಕೊನೆಗೆ ಬೀಸಿ ಹೊಡೆಯುವುದೊಂದೇ ಉಳಿಯುತ್ತಿತ್ತು. ನಾವು ಆಡುವ ಕಾಲಕ್ಕೆ ಬೆಳಗಾವಿಯಲ್ಲಿ ಟರ್ಫ್ ಇರಲಿಲ್ಲ.

ಒಲಿಂಪಿಕ್ಸ್‌ಗೆ ಕೃತಕ ಹುಲ್ಲು ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಮೂವತ್ತು ವರ್ಷಗಳ ನಂತರವೂ ನಮ್ಮ ಹುಡುಗರು ಹರಳಿನ ಮೇಲೆಯೇ ಆಡುತ್ತಿದ್ದರು.

ಗುಮ್ಮಟದ ನೆರಳು

ವಿಜಯಪುರದ್ದೂ ಅದೇ ಕಥೆ. 1963ರಲ್ಲಿ ಆರಂಭವಾದ ಸೈನಿಕ ಶಾಲೆಯ ವಿಶಾಲ ಮೈದಾನಗಳಲ್ಲಿ ಹಾಕಿ ಆಡಿ ಬೆಳೆದವರನ್ನು ಬಲ್ಲೆ, ಒಳ್ಳೆಯ ಆಟಗಾರರು. ವೃತ್ತಿಪರ ತಂಡವೊಂದು ನಮ್ಮ ಜಿಲ್ಲೆಗಳಲ್ಲಿ ಆಟಗಾರರನ್ನು ಹುಡುಕಿಕೊಂಡು ಬಂದದ್ದನ್ನು ಮಾತ್ರ ಕಾಣಲಿಲ್ಲ. ಬೆಂಗಳೂರು ತಂಡದ ಬೇರು ಕೊಡಗಿನಲ್ಲಿತ್ತು ಎಂದರೆ ತಪ್ಪಲ್ಲ, ಅದಕ್ಕೆ ಕೊಡಗಿಗೆ ಹಕ್ಕೂ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ ಯಾವ ಟಿವಿ ವಾಹಿನಿಯ ಹಂಗೂ ಇಲ್ಲದೆ ಬೆಳೆಯಿತು. ಲೀಗ್ ಬಂದಿತು, ಹೋಯಿತು. ಕುಟುಂಬಗಳ ಪಂದ್ಯಾವಳಿ ನಡೆದೇ ಇದೆ.

ಮಲಪ್ರಭಾ ದಂಡೆ

ಇದೇ ನಾನು ಹೇಳುವುದು. ಕೊಡಗಿನಲ್ಲಿ ಕುಟುಂಬಗಳು ಖರ್ಚು ಹೊರುತ್ತವೆ. ಲೀಗ್ ತಂಡದ ಖರ್ಚನ್ನು ಹೊರುವವರು ಯಾರು? ಒಡಿಶಾವನ್ನು ನೋಡಿರಿ. ಹಾಕಿ ಇಂಡಿಯಾ ಲೀಗ್‌ನಲ್ಲಿ ಕಳಿಂಗ ಲ್ಯಾನ್ಸರ್ಸ್ ತಂಡದ ಹಿಂದೆ ಅಲ್ಲಿನ ಸರ್ಕಾರಿ ನಿಗಮವೇ ಪಾಲುದಾರನಾಗಿ ನಿಂತಿತು. 2017ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಿತು. 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವವನ್ನೂ ಒಡಿಶಾ ಸರ್ಕಾರ ವಹಿಸಿಕೊಂಡಿತು, 2018 ಮತ್ತು 2023ರ ವಿಶ್ವಕಪ್‌ಗಳು ಅಲ್ಲಿಯೇ ನಡೆದವು, ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಎದ್ದಿತು. ನಮ್ಮಲ್ಲಿ? 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾದಾಗ ಕರ್ನಾಟಕದ ತಂಡ ಇರಲಿಲ್ಲ. ರಘುನಾಥ್ ಉತ್ತರ ಪ್ರದೇಶದ ತಂಡದ ನಾಯಕರಾಗಬೇಕಾಯಿತು, ಸುನಿಲ್ ಪಂಜಾಬಿನ ತಂಡಕ್ಕೆ ಆಡಬೇಕಾಯಿತು. 2017ರ ನಂತರ ನಿಂತ ಆ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾದಾಗಲೂ ಎಂಟು ಪುರುಷರ ತಂಡಗಳಲ್ಲಿ ನಮ್ಮ ರಾಜ್ಯದ ಹೆಸರಿರಲಿಲ್ಲ.

ಶಹಾಪುರದ ಆಟಗಾರ್ತಿ

ಮಹಿಳೆಯರ ನಾಲ್ಕು ತಂಡಗಳಲ್ಲಿಯೂ ಇರಲಿಲ್ಲ ಎಂಬುದನ್ನು ಸೇರಿಸಿಕೊಳ್ಳಿರಿ. ಮಹಿಳೆಯರ ಲೀಗ್ ಮೊದಲ ಬಾರಿಗೆ ನಡೆದದ್ದೇ 2025ರ ಜನವರಿಯಲ್ಲಿ, ರಾಂಚಿಯಲ್ಲಿ. ಒಡಿಶಾ ವಾರಿಯರ್ಸ್ ಗೆದ್ದಿತು. ನೀವೆಲ್ಲ ಬೆಂಗಳೂರು ಲಯನ್ಸ್ ಮರೆಯಾದದ್ದಕ್ಕೆ ನೋಯುತ್ತಿದ್ದೀರಿ, ಆ ನೋವು ನನಗೂ ಇದೆ. ಆದರೆ 2005ರಿಂದ 2008ರವರೆಗೆ ಸ್ಟಿಕ್ ಹಿಡಿದಿದ್ದ ನಮ್ಮಂಥ ಹುಡುಗಿಯರಿಗೆ ಮರೆಯಾಗಲಿಕ್ಕಾದರೂ ಒಂದು ತಂಡ ಇರಲಿಲ್ಲ. ಮಾಸ್ತರರೇ, ನಿಮ್ಮ ಗೋಡೆಯಲ್ಲಿ ಆ ಭಾಗದ ಕೆಳಗೆ, ಇದು ಪುರುಷರ ಲೀಗ್ ಆಗಿತ್ತು, ಮಹಿಳೆಯರಿಗೆ ಆಗ ಲೀಗ್ ಇರಲಿಲ್ಲ ಎಂದು ಸ್ಪಷ್ಟವಾಗಿ ಬರೆಸಬೇಕು. ಹುಡುಗಿಯರೂ ಆ ಕೊಠಡಿಗೆ ಬರುತ್ತಾರಲ್ಲವೇ?

ಕ್ಯಾಂಪ್ ಹಳಬ

ಬರೆಸಲೇಬೇಕು, ತಂಗಿ.

ಮಲಪ್ರಭಾ ಅವರ ಒಡಿಶಾ ಉದಾಹರಣೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸರ್ಕಾರ ಹಣ ಕೊಟ್ಟದ್ದು ನಿಜ, ಆದರೆ ಸುಂದರಗಢದ ಹಳ್ಳಿಗಳಲ್ಲಿ ಹಾಕಿ ಅದಕ್ಕಿಂತ ಬಹಳ ಮೊದಲೇ ಇತ್ತು; ದಿಲೀಪ್ ತಿರ್ಕೆಯಂಥವರು ಅಲ್ಲಿಂದ ಬಂದವರು. ಸರ್ಕಾರದ ಹಣ ಇದ್ದ ಬೇರಿಗೆ ನೀರಾಯಿತು. ನಮ್ಮ ರಾಜ್ಯ ಹಣ ಕೊಡುವುದಾದರೆ ಅದು ಮೊದಲು ಜಿಲ್ಲೆಗಳ ಮೈದಾನಗಳಿಗೆ ಹೋಗಲಿ. ಬೆಂಗಳೂರಿನಲ್ಲಿ ಇನ್ನೊಂದು ತಂಡ ಕಟ್ಟಿ, ಇನ್ನೊಂದು ಹೆಸರಿಟ್ಟು, ಮೂರು ವರ್ಷಕ್ಕೆ ಮುಚ್ಚಿದರೆ ಅದರಿಂದ ಯಾರಿಗೆ ಪ್ರಯೋಜನ?

ಮಲಪ್ರಭಾ ದಂಡೆ

ತಂಡವಿಲ್ಲದೆ ಮೈದಾನ ಕೇಳಿದರೆ ಯಾರೂ ಕೊಡುವುದಿಲ್ಲ, ಕಾಕಾ. ಟಿವಿಯಲ್ಲಿ ತಂಡ ಕಂಡರೆ ಮಾತ್ರ ತಂದೆ ತಾಯಿ ಮಗುವಿಗೆ ಸ್ಟಿಕ್ ಕೊಡಿಸುತ್ತಾರೆ. ಬನಹಟ್ಟಿಯವರ ಓಣಿಯಲ್ಲಿ ಹಾಕಿ ನೋಡಿದ್ದು ಮೈದಾನದಿಂದಲ್ಲ, ಲೀಗಿನಿಂದ.

ಬನಹಟ್ಟಿಯವ

ನೋಡಿದೆವು, ನಿಜ. ಆದರೆ ಆಡಲು ಜಾಗವಾಗಲಿ, ಕಲಿಸುವವರಾಗಲಿ ಇಲ್ಲದೆ ನಮ್ಮಲ್ಲಿ ಒಬ್ಬನೂ ಆಟಗಾರನಾಗಲಿಲ್ಲ. ಲೀಗ್ ನಿಂತ ವರ್ಷ ಎಲ್ಲರೂ ಕ್ರಿಕೆಟ್ ನೋಡಲು ಕುಳಿತರು. ಆದ್ದರಿಂದ ನನ್ನ ಉದಾಹರಣೆ ನಿಮ್ಮಿಬ್ಬರಿಗೂ ಸಲ್ಲುತ್ತದೆ.

ಹುಬ್ಬಳ್ಳಿ ಗಾಡಿ

ತಂಡ ಮರೆಯಾದ ಮೇಲೆ ಅದರ ಜನ ಏನು ಮಾಡಿದರೆಂಬುದನ್ನೂ ಬರೆಸಿದರೆ ಒಳ್ಳೆಯದು. ಜೂಡ್ ಫೆಲಿಕ್ಸ್ ಭಾರತದ ಮಾಜಿ ನಾಯಕರು, 1988 ಮತ್ತು 1992ರ ಒಲಿಂಪಿಕ್ಸ್‌ನಲ್ಲಿ ಆಡಿದವರು. 2009ರಲ್ಲಿ, ಅಂದರೆ ಲೀಗ್ ಮುಗಿದ ಮರುವರ್ಷವೇ, ಬೆಂಗಳೂರಿನಲ್ಲಿ ತಮ್ಮ ಹೆಸರಿನ ಹಾಕಿ ಅಕಾಡೆಮಿ ಆರಂಭಿಸಿ ಬಡ ಮತ್ತು ಅನಾಥ ಮಕ್ಕಳಿಗೆ ಆಟ ಕಲಿಸಿದರು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದಿತು. ತಂಡದಿಂದ ಉಳಿದದ್ದು ಏನೆಂದು ಮಕ್ಕಳು ಕೇಳಿದರೆ ಇದನ್ನು ತೋರಿಸಬಹುದು.

ಟಿಳಕವಾಡಿ ಮಾಸ್ತರ

ಎಲ್ಲರ ಮಾತುಗಳನ್ನೂ ಓದಿ ನಮ್ಮ ಸಹೋದ್ಯೋಗಿಗಳ ಜೊತೆ ಕುಳಿತು ಒಂದು ಕರಡು ಸಿದ್ಧಪಡಿಸಿದ್ದೇನೆ. ಇದು ಗೋಡೆಗೆ ಹೋಗುವ ಪಠ್ಯ:

“ಬೆಂಗಳೂರು ಲಯನ್ಸ್, ಮುಂದೆ ಬೆಂಗಳೂರು ಹೈ-ಫ್ಲೈಯರ್ಸ್. ಪ್ರೀಮಿಯರ್ ಹಾಕಿ ಲೀಗ್ (ಪುರುಷರು), ಚಾಂಪಿಯನ್ನರು 2006 ಮತ್ತು 2008. ನಾಯಕ ಅರ್ಜುನ್ ಹಾಲಪ್ಪ, ಕೋಚ್ ಜೂಡ್ ಫೆಲಿಕ್ಸ್. ತಂಡಕ್ಕೆ ತವರಿನಲ್ಲಿ ಪಂದ್ಯಗಳ ಋತು ದೊರೆಯಲಿಲ್ಲ. 2008ರ ಏಪ್ರಿಲ್‌ನಲ್ಲಿ ಲೀಗ್ ನಡೆಸುತ್ತಿದ್ದ ಫೆಡರೇಷನ್ ಅಮಾನತುಗೊಂಡ ನಂತರ ಲೀಗ್ ನಡೆಯಲಿಲ್ಲ, ಅದರೊಂದಿಗೆ ತಂಡವೂ ನಿಂತಿತು. ಆ ಕಾಲದಲ್ಲಿ ಮಹಿಳೆಯರಿಗೆ ಲೀಗ್ ಇರಲಿಲ್ಲ.”

ಇದರ ಬಲಗಡೆ, ಸ್ವಲ್ಪ ಅಂತರ ಬಿಟ್ಟು, ಬೇರೆ ಬಣ್ಣದಲ್ಲಿ: “ಕರ್ನಾಟಕ ಲಯನ್ಸ್, ವರ್ಲ್ಡ್ ಸೀರೀಸ್ ಹಾಕಿ, 2012. ನಾಯಕ ಅರ್ಜುನ್ ಹಾಲಪ್ಪ, ಕೋಚ್ ಜೂಡ್ ಫೆಲಿಕ್ಸ್. ಒಂದೇ ಋತು.” ಕ್ವಾರ್ಟರ್‌ಗಳ ಸಂಗತಿಯನ್ನು ಕೆಳಗೆ ಚಿತ್ರಸಹಿತ ಬರೆಸುತ್ತೇವೆ, ಜೂಡ್ ಫೆಲಿಕ್ಸ್ ಅವರ ಅಕಾಡೆಮಿಯ ಸಾಲನ್ನೂ ಸೇರಿಸುತ್ತೇವೆ. ಆಕ್ಷೇಪಣೆಗಳಿದ್ದರೆ ಸೋಮವಾರದೊಳಗೆ ತಿಳಿಸಿರಿ, ಅಂದು ಪೇಂಟರ್ ಬರುತ್ತಾರೆ.

ಲೆಫ್ಟ್ ವಿಂಗ್

ನನ್ನ ಆಕ್ಷೇಪಣೆ ಹಾಗೆಯೇ ಇದೆ, ಸರ್. ಒಬ್ಬರೇ ನಾಯಕರು, ಒಬ್ಬರೇ ಕೋಚ್ ಎಂದು ಎರಡು ಕಡೆ ಬರೆದು, ನಡುವೆ ಅಂತರ ಬಿಟ್ಟರೆ ಮಕ್ಕಳು ಕಾರಣ ಕೇಳುತ್ತಾರೆ.

ಗುಮ್ಮಟದ ನೆರಳು

ಕೇಳಲಿ. ಕೇಳಿದಾಗ ಮಾಸ್ತರರು 2008 ಮತ್ತು 2012ರ ನಡುವಿನ ನಾಲ್ಕು ವರ್ಷಗಳ ಕಥೆಯನ್ನು ಹೇಳಲಿ. ಕರಡಿಗೆ ನನ್ನ ಒಪ್ಪಿಗೆ ಇದೆ. ಒಂದೇ ಸೇರ್ಪಡೆ: 2012ರ ಭಾಗದಲ್ಲಿ ಲೆನ್ ಅಯ್ಯಪ್ಪ ಅವರ ಹೆಸರೂ ಇರಲಿ.

ಟಿಳಕವಾಡಿ ಮಾಸ್ತರ

ಸೇರಿಸಿದೆ. ಡ್ರ್ಯಾಗ್ ಫ್ಲಿಕ್ಕಿನ ಚಿತ್ರವನ್ನು ಅವರ ಹೆಸರಿನ ಕೆಳಗೆಯೇ ಬರೆಸುತ್ತೇವೆ, ಎಡಗಾಲು ಮುಂದಿರುವಂತೆ.